ಹಿಮಚಾರಣ: ಬಿರುಗಾಳಿ ನಿಂತ ಮೇಲೆ ಅಪಾಯವನ್ನು ಅಳೆಯುವುದು ಹೇಗೆ?

ಆನೆಗೊಂದಿ, ಸಣಾಪುರದ ಬಂಡೆಗಳನ್ನು ಹತ್ತಿ ಪಳಗಿದ ಕೊಪ್ಪಳ, ಬಳ್ಳಾರಿ ಕಡೆಯ ಯುವಕರು ಚಳಿಗಾಲದಲ್ಲಿ ಹಿಮಾಲಯದ ಚಾರಣಕ್ಕೆ ಹೊರಡುವ ಮೊದಲು ಹಿಮದ ಸ್ವಭಾವವನ್ನು ತಿಳಿದಿರಬೇಕು. ಬಂಡೆಯ ಬಿರುಕು ಕಣ್ಣಿಗೆ ಕಾಣುತ್ತದೆ. ಹಿಮದ ದೋಷ ಒಳಪದರದಲ್ಲಿ ಅಡಗಿರುತ್ತದೆ.

ಕೊರೆಯುವ ಚಳಿಯಲ್ಲಿ ಹಳೆಯ ಹಿಮದ ಒಂದು ಪದರ ಸಕ್ಕರೆಯಂತೆ ಉದುರುದುರಾಗಬಹುದು. ಅದರ ಮೇಲೆ ಬಿರುಗಾಳಿ ಹೊತ್ತು ತಂದ ಹೊಸ ಹಿಮ ಹಾಸುಗಲ್ಲಿನಂತೆ ಬಿಗಿದುಕೊಳ್ಳುತ್ತದೆ. ಓರೆಯಾಗಿಟ್ಟ ಹಲಗೆಯ ಮೇಲೆ ಜೋಳದ ಕಾಳು ಹರಡಿ, ಮೇಲೊಂದು ಕಲ್ಲುಚಪ್ಪಡಿ ಇಟ್ಟರೆ ಹೇಗೋ ಹಾಗೆ, ಒಬ್ಬನ ತೂಕ ಬಿದ್ದರೂ ಇಡೀ ಹಾಸು ಜಾರಬಹುದು. ಇದೇ ಹಿಮಕುಸಿತ.

ಮೊದಲು ಹವಾಮಾನ ಇಲಾಖೆಯ ಮುನ್ಸೂಚನೆಯನ್ನೂ ಹಿಮಕುಸಿತದ ಎಚ್ಚರಿಕೆಯನ್ನೂ ನೋಡಿರಿ. ಐದು ಹಂತಗಳ ಮಾಪಕದಲ್ಲಿ 3 ಎಂದಿದ್ದರೆ ಅದನ್ನು ಸಾಧಾರಣವೆಂದು ಭಾವಿಸಬಾರದು; ಹಂತ ಏರಿದಂತೆ ಅಪಾಯ ಹಲವು ಪಟ್ಟು ಹೆಚ್ಚುತ್ತದೆ.

ಎರಡನೆಯದು ಕಾಯುವುದು. ಆಕಾಶ ತಿಳಿಯಾಯಿತೆಂದು ಹೊರಡುವುದೇ ದೊಡ್ಡ ತಪ್ಪೆಂದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಹಿಮಪಾತ ನಿಂತ ಮೊದಲ 24ರಿಂದ 48 ಗಂಟೆಗಳಲ್ಲಿ ಹೊಸ ಹಿಮ ಇನ್ನೂ ಕಚ್ಚಿಕೊಂಡಿರುವುದಿಲ್ಲ. ರಜೆ ಮುಗಿಯುತ್ತದೆ, ರೈಲಿನ ಟಿಕೆಟ್ ಆಗಿದೆ ಎಂಬುದು ಬೆಟ್ಟಕ್ಕೆ ತಿಳಿಯದು.

ಆಮೇಲೆ ಇಳಿಜಾರನ್ನು ಮೊಬೈಲಿನ ಕೋನಮಾಪಕದಿಂದ ಅಳೆಯಿರಿ. 30ರಿಂದ 45 ಡಿಗ್ರಿಯ ಇಳಿಜಾರು ಅತಿ ಅಪಾಯಕಾರಿ. ನೀವು ನಡೆಯುವ ದಾರಿ ಸಮತಟ್ಟಾಗಿದ್ದರೂ ಅದರ ಮೇಲ್ಭಾಗ ಕಡಿದಾಗಿದ್ದರೆ ಅಪಾಯ ತಪ್ಪದು. ಗಾಳಿಯ ಮರೆಯ ಬದಿಯಲ್ಲಿ ಹಿಮ ಹೆಚ್ಚು ರಾಶಿಯಾಗುತ್ತದೆ. ಕಾಲಡಿ 'ಧೊಪ್' ಎಂದು ಕುಸಿದ ಸದ್ದು ಬಂದರೆ, ಹೆಜ್ಜೆಯಿಂದ ಬಿರುಕು ಓಡಿದರೆ, ಅಲ್ಲಿಂದಲೇ ಹಿಂದಿರುಗಿರಿ.

ದಾಟಲೇಬೇಕಾದ ಇಳಿಜಾರನ್ನು ಒಬ್ಬೊಬ್ಬರಾಗಿ ದಾಟಿರಿ. ಪ್ರತಿಯೊಬ್ಬರ ಬಳಿಯೂ ಸಂಕೇತ ಕಳಿಸುವ ಬೀಕನ್, ಚುಚ್ಚಿ ಹುಡುಕುವ ಉದ್ದ ಸಲಾಕೆ ಮತ್ತು ಸಲಿಕೆ ಇರಲಿ. ಧಾರವಾಡ ಜಿಲ್ಲೆಯ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ಅವರು 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನ ಹಿಮದಡಿ ಆರು ದಿನ ಜೀವ ಹಿಡಿದಿದ್ದರು. ಫೆಬ್ರವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಅದು ಅಪೂರ್ವ ಸಂಗತಿ. ಸಾಮಾನ್ಯವಾಗಿ ಮೊದಲ 10–15 ನಿಮಿಷ ಕಳೆದ ಮೇಲೆ ಬದುಕುವ ಸಾಧ್ಯತೆ ವೇಗವಾಗಿ ಕುಸಿಯುತ್ತದೆ. ಆದ್ದರಿಂದ ಹೊರಗಿನ ನೆರವಿಗೆ ಕಾಯದೆ, ಸಂಗಾತಿ ಕೊನೆಯದಾಗಿ ಕಂಡ ಜಾಗವನ್ನು ಗುರುತಿಟ್ಟು, ಅಲ್ಲಿಂದ ಕೆಳಕ್ಕೆ ಹುಡುಕಿರಿ. ಸಲಾಕೆ ದೇಹಕ್ಕೆ ತಾಗಿದರೆ ಅದನ್ನು ಕೀಳದೆ ಅಲ್ಲೇ ಬಿಟ್ಟು, ಇಳಿಜಾರಿನ ಕೆಳಬದಿಯಿಂದ ಅದರತ್ತ ಅಗೆಯುತ್ತ ಹೋಗಿ, ಮೊದಲು ಬಾಯಿ ಮೂಗಿನ ಹಿಮವನ್ನು ತೆಗೆಯಿರಿ.