ಬಾಹ್ಯಾಕಾಶ ಯಾನದ ಇತಿಹಾಸಕ್ಕೆ ಕಾಲಾನುಕ್ರಮ ಪಟ್ಟಿ ಸಿದ್ಧಪಡಿಸುವ ಬಗೆ

ಬಾಹ್ಯಾಕಾಶ ಯಾನದ ಕಾಲಾನುಕ್ರಮ ಪಟ್ಟಿ ಸಿದ್ಧಪಡಿಸುವವರು ದಿನಾಂಕ, ಘಟನೆ, ವ್ಯಕ್ತಿ ಎಂಬ ಅಂಕಣಗಳ ಪಕ್ಕದಲ್ಲಿ ಇನ್ನೊಂದು ಅಂಕಣವನ್ನು ಎಳೆದುಕೊಳ್ಳಬೇಕು. ಆ ದಿನದವರೆಗೆ ಬಗೆಹರಿಯದೆ ಉಳಿದಿದ್ದ ಸಮಸ್ಯೆ ಯಾವುದು ಎಂಬುದನ್ನು ಅಲ್ಲಿ ಬರೆಯಬೇಕು. ಅದಿಲ್ಲದ ಪಟ್ಟಿ ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠ ಮಾಡುವುದಕ್ಕಷ್ಟೇ ಒದಗುತ್ತದೆ.

ಪಟ್ಟಿಯನ್ನು 1957ರ ಅಕ್ಟೋಬರ್ 4ರಂದು ಹಾರಿದ ಮೊದಲ ಕೃತಕ ಉಪಗ್ರಹ ಸ್ಪುಟ್ನಿಕ್‌ನಿಂದ ಆರಂಭಿಸುವ ರೂಢಿಯಿದೆ. ಅದಕ್ಕೂ ಹಿಂದೆ ಎರಡು ಸಾಲುಗಳಾದರೂ ಇರಲಿ: 1903ರಲ್ಲಿ ರಷ್ಯಾದ ವಿಜ್ಞಾನಿ ತ್ಸಿಯೊಲ್ಕೊವ್ಸ್ಕಿ ಪ್ರಕಟಿಸಿದ ರಾಕೆಟ್ ಸಮೀಕರಣ, 1926ರ ಮಾರ್ಚ್ 16ರಂದು ಅಮೆರಿಕದ ವಿಜ್ಞಾನಿ ಗೊಡ್ಡಾರ್ಡ್ ಹಾರಿಸಿದ ಮೊದಲ ದ್ರವ ಇಂಧನದ ರಾಕೆಟ್. ಸ್ಪುಟ್ನಿಕ್‌ನ ಸಾಲಿನಲ್ಲಿ ಸೋವಿಯತ್ ರಾಕೆಟ್‌ಗಳ ಮುಖ್ಯ ವಿನ್ಯಾಸಕ ಸೆರ್ಗೆಯ್ ಕೊರೊಲ್ಯೋವ್ ಅವರ ಹೆಸರನ್ನು ತಪ್ಪದೆ ಸೇರಿಸಬೇಕು. ಅವರು 1966ರಲ್ಲಿ ತೀರಿಕೊಳ್ಳುವವರೆಗೂ ಸೋವಿಯತ್ ಸರ್ಕಾರ ಆ ಹೆಸರನ್ನು ಗುಟ್ಟಾಗಿಟ್ಟಿತ್ತಾದ್ದರಿಂದ, ಆ ಕಾಲದ ಪತ್ರಿಕೆಗಳನ್ನಷ್ಟೇ ನೆಚ್ಚಿದರೆ ಅವರು ಸಿಗುವುದೇ ಇಲ್ಲ.

‘ಮೊದಲಿಗರು’ ಎಂದು ಹೆಸರಾದವರ ಸಾಲನ್ನು ತುಂಬುವಾಗ, ಅವರು ಹೋದದ್ದರ ಜೊತೆಗೆ ಹಿಂತಿರುಗಿದ್ದು ಹೇಗೆ ಎಂಬುದನ್ನೂ ವಿಚಾರಿಸಿ. 1961ರ ಏಪ್ರಿಲ್ 12ರಂದು ಬಾಹ್ಯಾಕಾಶಕ್ಕೆ ಹೋದ ಮೊದಲ ಮನುಷ್ಯ ಯೂರಿ ಗಗಾರಿನ್ ಸುಮಾರು 7 ಕಿ.ಮೀ. ಎತ್ತರದಲ್ಲಿ ನೌಕೆಯಿಂದ ಹೊರಚಿಮ್ಮಿ ತಮ್ಮದೇ ಪ್ಯಾರಾಚೂಟ್‌ನಲ್ಲಿ ಇಳಿದರು. 1965ರ ಮಾರ್ಚ್ 18ರಂದು ಬಾಹ್ಯಾಕಾಶದಲ್ಲಿ ನೌಕೆಯಿಂದ ಹೊರಬಂದ ಮೊದಲಿಗ ಅಲೆಕ್ಸೆಯ್ ಲಿಯೊನೋವ್ ಸುಮಾರು 12 ನಿಮಿಷ ನೌಕೆಯ ಹೊರಗಿದ್ದಾಗ ಅವರ ಉಡುಪು ನಿರ್ವಾತದಲ್ಲಿ ಉಬ್ಬಿ ಬಿರುಸಾಯಿತು. ಒಳಗಿನ ಗಾಳಿಯನ್ನು ಸ್ವಲ್ಪ ಹೊರಬಿಟ್ಟು, ಒತ್ತಡ ತಗ್ಗಿಸಿಕೊಂಡ ಮೇಲೆಯೇ ಅವರಿಗೆ ಒಳಸೇರಲು ಸಾಧ್ಯವಾಯಿತು. ಇಲ್ಲಿಗೆ ನಿಲ್ಲಿಸದೆ ನೌಕೆಯ ಹೊರಗೆ ಕೆಲಸ ಮಾಡುವ ಸಮಸ್ಯೆಯ ಎಳೆಯನ್ನು ಮುಂದಕ್ಕೂ ಹಿಡಿದು ಹೋಗಬೇಕು. 1966ರ ಜೂನ್‌ನಲ್ಲಿ ಅಮೆರಿಕದ ನೌಕೆ ಜೆಮಿನಿ 9ರಿಂದ ಹೊರಬಂದ ಯುಜೀನ್ ಸರ್ನನ್ ಅವರಿಗೆ ಕಾಲೂರಲು ನೆಲೆ ಸಿಗದೆ, ದಣಿದು, ಮುಖಗವಸಿನ ಗಾಜು ಮಂಜಾಗಿ ಕೆಲಸ ಅರ್ಧಕ್ಕೇ ನಿಂತಿತು. ನೀರಿನಡಿಯಲ್ಲಿ ಅಭ್ಯಾಸ ಮಾಡಿದ ಬಜ್ ಆಲ್ಡ್ರಿನ್, ಅದೇ ವರ್ಷದ ನವೆಂಬರ್‌ನಲ್ಲಿ, ಹಿಡಿಕೆಗಳು ಮತ್ತು ಪಾದ ಸಿಕ್ಕಿಸುವ ಪಟ್ಟಿಗಳ ನೆರವಿನಿಂದ ನೌಕೆಯ ಹೊರಗೆ ಶಾಂತವಾಗಿ ದುಡಿಯಬಹುದೆಂದು ತೋರಿಸಿಕೊಟ್ಟರು. ಈ ಮೂರು ಸಾಲುಗಳನ್ನು ಒಂದೇ ಬಣ್ಣದ ಗೆರೆಯಿಂದ ಜೋಡಿಸಿ.

ದುರಂತಗಳನ್ನು ಅಡಿಟಿಪ್ಪಣಿಗೆ ತಳ್ಳುವುದು ಸರಿಯಲ್ಲ. 1967ರ ಜನವರಿ 27ರಂದು ಅಮೆರಿಕದ ಚಂದ್ರಯಾನ ಯೋಜನೆಯ ನೌಕೆ ಅಪೋಲೊ 1ರ ನೆಲದ ಪರೀಕ್ಷೆಯಲ್ಲಿ ಶುದ್ಧ ಆಮ್ಲಜನಕ ತುಂಬಿದ ಕೋಣೆಗೆ ಬೆಂಕಿ ಬಿದ್ದು, ಒಳಕ್ಕೆ ತೆರೆಯುವ ಬಾಗಿಲನ್ನು ತೆಗೆಯಲಾಗದೆ ಮೂವರು ಮಡಿದರು. ಮುಂದಿನ ನೌಕೆಗಳಿಗೆ ಹೊರಕ್ಕೆ ತೆರೆಯುವ ಬಾಗಿಲು ಬಂತು.

ದಿನಾಂಕಗಳಿಗೆಲ್ಲ ಒಂದೇ ಕಾಲಮಾನವನ್ನು, ಅಂದರೆ ಜಗತ್ತಿಗೆಲ್ಲ ಸಮಾನವಾದ ಯುಟಿಸಿಯನ್ನು, ಬಳಸಿ. ಅದರ ಪ್ರಕಾರ ಅಪೋಲೊ 11 ಚಂದ್ರನ ಮೇಲೆ ಇಳಿದದ್ದು 1969ರ ಜುಲೈ 20ರಂದು, ಆರ್ಮ್‌ಸ್ಟ್ರಾಂಗ್ ನೆಲಕ್ಕೆ ಕಾಲಿಟ್ಟದ್ದು ಜುಲೈ 21ರಂದು. ಮಾನವರಹಿತ ನೌಕೆಗಳಿಗೆ ಉಡಾವಣೆ ಮತ್ತು ಗುರಿ ಮುಟ್ಟಿದ ದಿನಾಂಕಗಳೆರಡನ್ನೂ ಬರೆಯಬೇಕು: ವಾಯೇಜರ್ 2 ಹೊರಟದ್ದು 1977ರ ಆಗಸ್ಟ್ 20ರಂದು, ವಾಯೇಜರ್ 1 ಹೊರಟದ್ದು ಸೆಪ್ಟೆಂಬರ್ 5ರಂದು, ಆದರೂ ಗುರುಗ್ರಹವನ್ನು ಮೊದಲು ತಲುಪಿದ್ದು ವಾಯೇಜರ್ 1.