ತಪ್ಪು ಉತ್ತರವನ್ನೂ ಜೋಪಾನವಾಗಿ ಇಟ್ಟ ಮೇಲೆ

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಇ-ಪೋರ್ಟ್‌ಫೋಲಿಯೋ (ನಮ್ಮ ಕೆಲಸ, ಕಲಿಕೆಯ ಡಿಜಿಟಲ್ ಸಂಗ್ರಹ) ಅಂತ ಮೊದಲು ಮಾಡಿದ್ದು ಗೂಗಲ್ ಡ್ರೈವ್‌ನಲ್ಲಿ ಒಂದು ಫೋಲ್ಡರ್. ತರಬೇತಿಯ ಪ್ರಮಾಣಪತ್ರ, ವಿಜ್ಞಾನ ಮೇಳದ ಫೋಟೋ, ಪಾಠ ಯೋಜನೆ, ಸರ್ಕಾರದ ಆನ್‌ಲೈನ್ ಕಲಿಕಾ ತಾಣ ದೀಕ್ಷಾದಲ್ಲಿ ಮುಗಿಸಿದ ಕೋರ್ಸು, ಸಿಕ್ಕಿದ್ದೆಲ್ಲ ಅದಕ್ಕೆ ತುಂಬಿದೆ. ವರ್ಷ ಕಳೆದ ಮೇಲೆ ತೆಗೆದು ನೋಡಿದರೆ ಏನೇನು ಮಾಡಿದೆ ಅನ್ನೋದು ಗೊತ್ತಾಗುತ್ತಿತ್ತು, ಆದರೆ ನನ್ನ ಪಾಠ ಸುಧಾರಿಸಿದೆಯಾ ಅಂತ ತಿಳಿಯಲು ಅದರಲ್ಲಿ ಏನೂ ಇರಲಿಲ್ಲ. ರಾಷ್ಟ್ರೀಯ ಶಿಕ್ಷಣ ನೀತಿ 2020 ಶಿಕ್ಷಕರಿಗೆ ವರ್ಷಕ್ಕೆ 50 ಗಂಟೆಯ ವೃತ್ತಿ ಕಲಿಕೆ ಬೇಕು ಅನ್ನುತ್ತದೆ. ಸರಿ. ಗಂಟೆಗೆ ಪ್ರಮಾಣಪತ್ರ ಸಿಗುತ್ತದೆ, ಕ್ಲಾಸಿನಲ್ಲಿ ಏನು ಬದಲಾಯಿತು ಅನ್ನೋದಕ್ಕೆ?

ಹಾಗಾಗಿ ಕ್ರಮ ಬದಲಾಯಿಸಿದೆ. ಹದಿನೈದು ದಿನಕ್ಕೆ ಕ್ಲಾಸಿನ ಒಂದೇ ತುಣುಕು, ಆಡಿಯೋನೋ ಫೋಟೋನೋ. ಕೆಳಗೆ ಮೂರು ಸಾಲು: ಏನಾಗುತ್ತೆ ಅಂದುಕೊಂಡಿದ್ದೆ, ಏನಾಯ್ತು, ಮುಂದಿನ ಸಲ ಏನು ಬದಲಾಯಿಸಬೇಕು. ಟೈಪ್ ಮಾಡೋದಿಲ್ಲ. ಫೋನ್ ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲೇ ಹೇಳಿದರೆ ಬಸ್ಸಿಗೆ ಕಾಯುವಷ್ಟರಲ್ಲಿ ಮುಗಿಯುತ್ತದೆ.

ಮೊದಲ ತುಣುಕು ನನ್ನದೇ ಪಾಠದ ಆಡಿಯೋ. ಫೋನನ್ನು ಮೇಜಿನ ಮೇಲಿಟ್ಟು ಒಂದು ಪೀರಿಯಡ್ ಪೂರ್ತಿ ರೆಕಾರ್ಡ್ ಮಾಡಿದೆ. ಮನೆಯಲ್ಲಿ ಕೇಳಿದಾಗ ಬೇಜಾರಾಯಿತು. ಪ್ರಶ್ನೆ ಕೇಳಿ, ಮಕ್ಕಳು ಬಾಯಿ ತೆರೆಯುವ ಮೊದಲೇ ಉತ್ತರವನ್ನೂ ನಾನೇ ಹೇಳಿಬಿಡುತ್ತಿದ್ದೆ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋವ್ 1970ರ ದಶಕದಲ್ಲೇ ಇದನ್ನು ಅಳೆದು ತೋರಿಸಿದ್ದರು: ಶಿಕ್ಷಕರು ಪ್ರಶ್ನೆ ಕೇಳಿ ಕಾಯುವುದು ಸುಮಾರು 1 ಸೆಕೆಂಡು, 3 ಸೆಕೆಂಡಿಗಿಂತ ಜಾಸ್ತಿ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ. ಬಿ.ಎಡ್.ನಲ್ಲಿ ಓದಿದ್ದೆ, ಪರೀಕ್ಷೆಗೂ ಬರೆದಿದ್ದೆ. ನನ್ನ ದನಿಯಲ್ಲೇ ಕೇಳಿದ ಮೇಲೆ ಮನಸ್ಸಿಗೆ ನಾಟಿತು. 'ಮನಸ್ಸಲ್ಲೇ ಐದು ಎಣಿಸು' ಅಂತ ಮೂರನೇ ಸಾಲು ಬರೆದೆ. ಮೂರು ತಿಂಗಳ ಮೇಲೆ ಮಾಡಿದ ರೆಕಾರ್ಡಿಂಗ್‌ನಲ್ಲಿ ಪ್ರಶ್ನೆ ಆದ ಮೇಲೆ ಮೌನ ಇದೆ, ಬೆಂಚು ಸರಿಸಿದ ಸದ್ದಿದೆ, ಆಮೇಲೆ ಹಿಂದಿನ ಸಾಲಿಂದ ಒಂದು ದನಿ. ಎರಡನ್ನೂ ಅಕ್ಕಪಕ್ಕ ಇಟ್ಟಿದ್ದೇನೆ.

ಇಬ್ಬರು ಸಹೋದ್ಯೋಗಿಗಳಿಗೂ ಅದನ್ನು ತೆರೆದಿಟ್ಟೆ. 'ಕಾಯೋದು ಸರಿ, ಆದ್ರೆ ನಿಮ್ಮ ಪ್ರಶ್ನೆಗಳಿಗೆಲ್ಲ ಹೌದು-ಇಲ್ಲ ಅಂದ್ರೆ ಸಾಕಲ್ವಾ ಮೇಡಂ?' ಅಂತ ಒಬ್ಬರು ಬರೆದರು. ಅದು ಮುಂದಿನ ಎರಡು ತಿಂಗಳ ಕೆಲಸವಾಯಿತು.

ಆಮೇಲೆ ಮಕ್ಕಳ ಕೈಲೂ ಇಂಥ ಸಂಗ್ರಹ ಮಾಡಿಸಿದೆ. ಅವರಿಗೆ ಇದು ಹೊಸದಲ್ಲ. ನಮ್ಮ ಶಾಲೆಗಳಲ್ಲಿ ಕೃತಿಸಂಪುಟ ಅಂತ, ಮಕ್ಕಳ ಕೆಲಸ ಕೂಡಿಡುವ ಕಡತ, ಇದ್ದೇ ಇದೆ, ಆದರೆ ಅದಕ್ಕೆ ಹೋಗೋದು ಅಂದವಾಗಿ ನಕಲು ಮಾಡಿದ ಹಾಳೆ. ನಾನು ಒರಟು ನೋಟ್‌ಬುಕ್ಕಿನ ಫೋಟೋ ಕೇಳಿದೆ. ಎಲ್ಲರ ಮನೆಯಲ್ಲೂ ಫೋನ್ ಇಲ್ಲ, ನನ್ನದರಲ್ಲೇ ತೆಗೆದೆವು. ಪೋಷಕರ ಸಭೆಯಲ್ಲಿ ಒಪ್ಪಿಗೆ ಪಡೆದೆ. ಮುಖ ಬೇಡ, ಕೈಬರಹ ಮತ್ತು ದನಿ ಸಾಕು. ಲಿಂಕ್ ಯಾರಿಗೂ ಹಂಚುವುದಿಲ್ಲ.

ಹತ್ತನೇ ತರಗತಿಯ ಪುಸ್ತಕದಲ್ಲಿ ಒಂದು ಪ್ರಶ್ನೆಯಿದೆ: ಪೀನ ಮಸೂರದ (ನಡುವೆ ದಪ್ಪಗಿರುವ ಲೆನ್ಸ್) ಅರ್ಧ ಭಾಗಕ್ಕೆ ಕಪ್ಪು ಕಾಗದ ಮುಚ್ಚಿದರೆ ಪೂರ್ತಿ ಪ್ರತಿಬಿಂಬ ಬರುತ್ತದೆಯಾ? ಒಬ್ಬ ಹುಡುಗಿ 'ಅರ್ಧ ಬರುತ್ತೆ' ಅಂತ ರೆಕಾರ್ಡ್ ಮಾಡಿದಳು. ಮೇಣದಬತ್ತಿ ಹಚ್ಚಿ, ಗೋಡೆಯ ಮೇಲೆ ಜ್ವಾಲೆಯ ಬಿಂಬ ಬೀಳಿಸಿ, ಕಾಗದ ಮುಚ್ಚಿದೆವು. ಪೂರ್ತಿ ಜ್ವಾಲೆ ಹಾಗೇ ಇತ್ತು, ಸ್ವಲ್ಪ ಮಂಕಾಯಿತು ಅಷ್ಟೇ. 'ಮೇಡಂ, ಮೊದಲಿಂದು ಅಳಿಸ್ಲಾ?' ಅಂದಳು. ಬೇಡಮ್ಮ, ಇರಲಿ ಅಂದೆ. ಎರಡನೆಯದರಲ್ಲಿ ಹೇಳುತ್ತಾಳೆ: 'ಮಸೂರದ ಎಲ್ಲಾ ಕಡೆಯಿಂದ ಬಂದ ಬೆಳಕೂ ಒಂದೇ ಕಡೆ ಸೇರುತ್ತೆ, ಅದಕ್ಕೇ ಪೂರ್ತಿ ಕಾಣ್ಸುತ್ತೆ, ಬೆಳಕು ಮಾತ್ರ ಕಮ್ಮಿ.'

ಎಸ್ಸೆಸ್ಸೆಲ್ಸಿ ಮುಗಿದಾಗ ಅವರವರ ಫೋಲ್ಡರ್ ಅವರಿಗೇ ಕೊಟ್ಟು ನನ್ನಲ್ಲಿ ಅಳಿಸುತ್ತೇನೆ. ಆ ಎರಡು ಆಡಿಯೋ ಮಾತ್ರ ಅವಳನ್ನೂ ಅವರಮ್ಮನನ್ನೂ ಕೇಳಿ ಇಟ್ಟುಕೊಂಡೆ. ಈ ವರ್ಷ ಮಸೂರದ ಪಾಠವನ್ನು ಕಾಗದ ಮುಚ್ಚುವ ಪ್ರಶ್ನೆಯಿಂದಲೇ ಶುರು ಮಾಡಿದೆ.