ಅಜ್ಜಿ ಯಾವ ಮನೆಯ ಲೆಕ್ಕಕ್ಕೆ?

ಮದ್ದೂರು ತಾಲ್ಲೂಕಿನ ಒಂದು ಹಳ್ಳಿ. ವಯಸ್ಸಾದವರು ಹೇಗಿದ್ದಾರೆ ಅಂತ ತಿಳಿಯುವ ಮನೆಮನೆ ಸರ್ವೆಗೆ ಹೋಗಿದ್ದೆ. ಅಣ್ಣತಮ್ಮಂದಿರಿಬ್ಬರಲ್ಲಿ ಅಣ್ಣನ ಮನೆ ಮುಗಿಸಿ, ಗೋಡೆಯಾಚೆಯ ತಮ್ಮನ ಮನೆಗೆ ಹೋದೆ. ಎರಡೂ ಮನೆಯವರ ಹೆಸರು ಬರೆದಾಯಿತು. ಸಂಜೆ ಬಸ್ಸಿಗೆ ಕಾಯುವಾಗ ಥಟ್ಟನೆ ನೆನಪಾಯಿತು. ಜಗಲಿ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದ ಅಜ್ಜಿ ಯಾರ ಪಟ್ಟಿಯಲ್ಲಿದ್ದಾರೆ? ಹಾಳೆ ತೆಗೆದು ನೋಡಿದೆ. ಎರಡರಲ್ಲೂ ಇಲ್ಲ.

ಆಗಿದ್ದು ಇಷ್ಟೇ. ಅಜ್ಜಿ ಒಂದು ತಿಂಗಳು ಅಣ್ಣನ ಮನೆ, ಒಂದು ತಿಂಗಳು ತಮ್ಮನ ಮನೆ ಸರದಿಯಲ್ಲಿ ಊಟ ಮಾಡುತ್ತಿದ್ದರು. ತಮ್ಮನ ಸರದಿ ಹಿಂದಿನ ದಿನವೇ ಮುಗಿದಿತ್ತು. ಅಣ್ಣನ ಮನೆಯವರು ಇನ್ನೂ ಅವರನ್ನು ಎಣಿಸಿರಲಿಲ್ಲ. ಸರ್ವೆಯಲ್ಲಿ ಮನೆ ಅಂದರೆ ಒಂದೇ ಅಡುಗೆಯಲ್ಲಿ ಉಣ್ಣುವವರು. ರಾಷ್ಟ್ರೀಯ ಮಾದರಿ ಸಮೀಕ್ಷೆ ಬಳಸುವುದೂ ಇದೇ ಲೆಕ್ಕ. ನಿಯಮ ಸರಿಯಾಗಿಯೇ ಇದೆ. ಕೇಳುವವಳು ನಾನು ಗಟ್ಟಿಯಾಗಿ ಕೇಳಿರಲಿಲ್ಲ. ಅಂದಿನಿಂದ ಪ್ರತಿ ಮನೆಯಲ್ಲೂ ಕೊನೆಗೆ ಒಂದು ಮಾತು ಕೇಳುತ್ತೇನೆ: "ನಿನ್ನೆ ರಾತ್ರಿ ಈ ಒಲೆ ಮುದ್ದೆ ಯಾರ್‍ಯಾರು ಉಂಡ್ರಿ?" ಆಗ ಬಿಟ್ಟುಹೋದ ಹೆಸರು ತಾನಾಗಿ ಹೊರಗೆ ಬರುತ್ತದೆ.

ವಯಸ್ಸು ಕೇಳಿದರೆ ಬರುವ ಉತ್ತರ ಅರವತ್ತು, ಅರವತ್ತೈದು, ಎಪ್ಪತ್ತು. ನಡುವಿನ ಸಂಖ್ಯೆಗಳು ಬಹಳ ಕಮ್ಮಿ. ಆಧಾರ್ ನೋಡಿದರೆ ಎಷ್ಟೋ ಜನರ ಹುಟ್ಟಿದ ದಿನ ಜನವರಿ 1. ಅದಕ್ಕೆ ನಾನು ಊರಿನ ನೆನಪು ಹಿಡಿದು ಕೇಳುತ್ತೇನೆ. ಇಂದಿರಾ ಗಾಂಧಿ ಹೋದ ವರ್ಷ, ಅಂದರೆ 1984ರಲ್ಲಿ, ದೊಡ್ಡ ಮಗ ಎಷ್ಟನೇ ಕ್ಲಾಸು? 1991ರ ಕಾವೇರಿ ಗಲಾಟೆ ಹೊತ್ತಿಗೆ ಮಗಳ ಮದುವೆ ಆಗಿತ್ತಾ? ಇದು ಸುಮ್ನೆ ಕಾಲಹರಣ ಅಲ್ಲ. ರಾಜ್ಯದ ಸಂಧ್ಯಾ ಸುರಕ್ಷಾ ಪೆನ್ಷನ್ ಸಿಗುವುದು 65 ತುಂಬಿದ ಮೇಲೆ. ಕೇಂದ್ರದ ವೃದ್ಧಾಪ್ಯ ವೇತನಕ್ಕೆ 60 ಆಗಿರಬೇಕು. ನಾಲ್ಕೈದು ವರ್ಷ ಹೆಚ್ಚುಕಮ್ಮಿ ಬರೆದರೆ, ಸಿಗಬೇಕಾದವರಲ್ಲಿ ಎಷ್ಟು ಜನಕ್ಕೆ ಸಿಕ್ಕಿಲ್ಲ ಅನ್ನುವ ಲೆಕ್ಕವೇ ತಪ್ಪಿಹೋಗುತ್ತದೆ.

ಇನ್ನು ಆದಾಯ. ಮಂಡ್ಯದಲ್ಲಿ "ತಿಂಗಳ ಆದಾಯ ಎಷ್ಟು?" ಅಂತ ಕೇಳುವುದರಲ್ಲಿ ಅರ್ಥವೇ ಇಲ್ಲ. ಕಬ್ಬು ವರ್ಷದ ಬೆಳೆ. ಅದರ ದುಡ್ಡು ಒಂದೇ ಸಲ ಬರಲ್ಲ, ಸಾಲಕ್ಕೆ ಮುರಿದುಕೊಂಡು ಬರುತ್ತದೆ. ಎಷ್ಟು ಟನ್ ಕಡಿದಿರಿ, ಕಾರ್ಖಾನೆಗೆ ಎಷ್ಟು, ಆಲೆಮನೆಗೆ ಎಷ್ಟು, ಕಡಿಯುವ ಕೂಲಿ ಎಷ್ಟು ಹೋಯಿತು, ಬಾಕಿ ಎಷ್ಟಿದೆ ಅಂತ ಬಿಡಿಬಿಡಿಯಾಗಿ ಕೇಳಬೇಕು. ಹಾಲಿನದು ಹಾಗಲ್ಲ. ಎಷ್ಟು ಲೀಟರ್, ಎಷ್ಟು ಬಟವಾಡೆ ಅಂತ ಡೇರಿ ಪುಸ್ತಕದಲ್ಲೇ ಇರುತ್ತದೆ.

ಆ ಪುಸ್ತಕದ ಮೇಲಿರುವ ಹೆಸರು ಮಾತ್ರ ಬಹಳ ಕಡೆ ಮಗನದು.

"ಅಜ್ಜಿ, ನಿಮ್ಗೆ ಏನಾದ್ರೂ ಸಂಪಾದನೆ?" ಅಂದರೆ, "ನಂಗೆಲ್ಲಿ ಸಂಪಾದ್ನೆ ಕಣವ್ವ, ಮಗ ಇಕ್ತನೆ, ಉಣ್ತೀನಿ" ಅನ್ನುತ್ತಾರೆ. ಮೊದಮೊದಲು ನಾನು ಅದನ್ನೇ ಬರೆದುಕೊಂಡೆ. ಕೆಲಸ ಇಲ್ಲ, ಆದಾಯ ಇಲ್ಲ. ಆಮೇಲೆ ಪ್ರಶ್ನೆ ಬದಲಾಯಿಸಿದೆ. ಬೆಳಿಗ್ಗೆ ಎಷ್ಟು ಗಂಟೆಗೆ ಎದ್ರಿ? ಹುಲ್ಲು ಯಾರು ಕುಯ್ದ್ರು? ಹಾಲು ಕರೆದಿದ್ದು ಯಾರು? ಕೊಟ್ಟಿಗೆ ಬಾಚಿದ್ದು ಯಾರು? ಎರಡು ಹಸುವಿನ ಪೂರ್ತಿ ಚಾಕರಿ ಎಪ್ಪತ್ತು ದಾಟಿದ ಆ ಕೈಗಳದೇ ಅಂತ ಎಷ್ಟು ಮನೆಗಳಲ್ಲಿ ಕಂಡೆನೋ! ಹಾಲಿನ ದುಡ್ಡು ಮಾತ್ರ ಮಗನ ಖಾತೆಗೆ. ಅವರನ್ನು 'ಅವಲಂಬಿತರು' ಅಂತ ಬರೆಯಲು ಈಗ ನನಗೆ ಕೈ ಬರುವುದಿಲ್ಲ. ಯಾರು ಯಾರನ್ನು ಸಾಕುತ್ತಿದ್ದಾರೆ ಅಂತ ವಿಚಾರಿಸಿಯೇ ಬರೆಯುತ್ತೇನೆ.

ಇದಕ್ಕೆ ಇನ್ನೊಂದು ಕಾರಣವೂ ಇದೆ. ಎಷ್ಟೋ ಸರ್ವೆಗಳಲ್ಲಿ ಮನೆಯ ಯಜಮಾನ ಒಬ್ಬನೇ ಎಲ್ಲರ ಪರವಾಗಿ ಉತ್ತರ ಕೊಡುತ್ತಾನೆ. 2017ರಲ್ಲಿ ಶುರುವಾದ ಲಾಸಿ ಅನ್ನುವ ದೊಡ್ಡ ವೃದ್ಧಾಪ್ಯ ಸಮೀಕ್ಷೆ ಹಾಗೆ ಮಾಡಲಿಲ್ಲ. 45 ದಾಟಿದವರನ್ನೂ ಅವರ ಗಂಡ ಅಥವಾ ಹೆಂಡತಿಯನ್ನೂ ಒಬ್ಬೊಬ್ಬರಾಗಿ ಮಾತಾಡಿಸಿತು, ದೇಶದಲ್ಲಿ 72 ಸಾವಿರಕ್ಕೂ ಜಾಸ್ತಿ ಜನರನ್ನು. ನಾನೂ ವಯಸ್ಸಾದವರನ್ನು ಬೇರೆಯಾಗಿ ಮಾತಾಡಿಸುತ್ತೇನೆ. ಸೊಸೆ ಎದುರಿಗೆ ಒಂದು ಉತ್ತರ, ಕೊಟ್ಟಿಗೆ ಹತ್ತಿರ ಇನ್ನೊಂದು ಉತ್ತರ. ಅದರಲ್ಲಿ ತಪ್ಪೇನಿದೆ? ದಿನಾ ಅದೇ ಮನೆಯಲ್ಲಿ ಬಾಳಬೇಕಲ್ವಾ?

ಪೆನ್ಷನ್ ವಿಷಯಕ್ಕೆ ಬಂದರೆ, ಬರುತ್ತಾ ಇಲ್ವಾ ಅನ್ನುವ ಒಂದೇ ಪ್ರಶ್ನೆ ಸಾಲದು. ನಾನು ಮೂರು ಕೇಳುತ್ತೇನೆ. ಮಂಜೂರಾಗಿದೆಯಾ? ಹೋದ ತಿಂಗಳು ಬಂತಾ? ತಂದವರು ಯಾರ ಕೈಗೆ ಕೊಟ್ಟರು? ಆಧಾರ್ ಮತ್ತು ಖಾತೆ ಹೊಂದದೆ ತಿಂಗಳುಗಟ್ಟಲೆ ನಿಂತುಹೋದದ್ದು ಎರಡನೇ ಪ್ರಶ್ನೆಯಲ್ಲೇ ಹೊರಬರುತ್ತದೆ. ಸಂಧ್ಯಾ ಸುರಕ್ಷಾ 2021ರಿಂದ ತಿಂಗಳಿಗೆ 1,200 ರೂಪಾಯಿ. ಕೇಂದ್ರದ ವೃದ್ಧಾಪ್ಯ ವೇತನದಲ್ಲಿ 80ರ ಒಳಗಿನವರಿಗೆ ಕೇಂದ್ರದ ಪಾಲು ಇನ್ನೂ 200 ರೂಪಾಯಿ, 2007ರಲ್ಲಿ ಎಷ್ಟಿತ್ತೋ ಅಷ್ಟೇ. ಇದು ನನಗೆ ಅನ್ಯಾಯ ಅಂತಲೇ ಅನಿಸುತ್ತದೆ.

ಆ 1,200 ಏನಾಗುತ್ತದೆ ಅಂತ ಖರ್ಚಿನ ಹಾಳೆಯಲ್ಲಿ ಕಾಣುತ್ತದೆ. ಎಲೆ ಅಡಿಕೆ ಹೊಗೆಸೊಪ್ಪನ್ನು ಏಳು ದಿನದ ಲೆಕ್ಕದಲ್ಲಿ ಕೇಳುತ್ತೇವೆ. ಬಿಪಿ ಮಾತ್ರೆ, ಮೊಮ್ಮಗಳಿಗೆ ಕೊಟ್ಟ ಹತ್ತು ರೂಪಾಯಿ, ಸಂಘದ ಕಂತು ಎಲ್ಲ ಇದರಲ್ಲೇ. ಗೃಹಲಕ್ಷ್ಮಿ ಬಂದ ಮೇಲೆ, ಕಾರ್ಡಿನಲ್ಲಿ ಅತ್ತೆಯೇ ಯಜಮಾನಿ ಆಗಿರುವ ಮನೆಗಳಲ್ಲಿ ಇನ್ನೊಂದು 2,000 ಅವರ ಹೆಸರಿಗೆ ಬರುತ್ತಿದೆ. ಅಂಥ ಮನೆಯ ಅಜ್ಜಿಯರು ನನ್ನ ಜೊತೆ ಮಾತಾಡುವಾಗ ಮಗನ ಮುಖ ನೋಡುವುದು ಕಮ್ಮಿ.

ಬಿಟ್ಟುಹೋದ ಆ ಅಜ್ಜಿಯ ಹತ್ತಿರ ಮಾರನೇ ದಿನವೇ ಹೋದೆ. ಬೆಳಗಿನ ಹಾಲು ಡೇರಿಗೆ ಹೋಗಿ ಆಗಿತ್ತು. ಅಣ್ಣನ ಮನೆ ಪಟ್ಟಿಯಲ್ಲಿ ಐದನೆಯವರಾಗಿ ಹೆಸರು ಬರೆದೆ. "ಇದ್ನ ಬರ್ಕೊಂಡ್ರೆ ವೇತ್ನ ಜಾಸ್ತಿ ಆಯ್ತದಾ?" ಅಂತ ಕೇಳಿದರು. ಇಲ್ಲ ಅಜ್ಜಿ, ಆಗಲ್ಲ, ನಿಮ್ಮಂಥವರು ಹೇಗಿದ್ದೀರಿ ಅಂತ ತಿಳಿಯೋಕೆ ಅಷ್ಟೇ, ಅಂದೆ. ಸರ್ವೆಯವರು ಸುಳ್ಳು ಆಸೆ ಹುಟ್ಟಿಸಬಾರದು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ಆಗ್ಲಿ, ಬರ್ಕೊ ಮತ್ತೆ. ಬೆಳಿಗ್ಗೆ ನಾಕ್ ಲೀಟ್ರು, ಸಂಜೆ ಮೂರು. ಕರೆಯೋದು ನಾನೇಯ."